ಚೌತಿಗೆ ಬಿತ್ತಿದ ಮರಿಕೋಸು

ಶಿರಸಿಯ ನಮ್ಮ ಹಿತ್ತಲಲ್ಲಿ ಮೊದಲ ಸಲ ಬ್ರಸೆಲ್ಸ್ ಸ್ಪ್ರೌಟ್ಸ್ ಬೆಳೆದಾಗ ಬೀಜ ಹಾಕಿದ್ದು ದೀಪಾವಳಿ ಮುಗಿದ ಮೇಲೆ. ನಮ್ಮಲ್ಲಿ ಚಳಿಗಾಲದ ತರಕಾರಿಗೆ ಅದೇ ಹೊತ್ತು ಅಲ್ವಾ? ಗಿಡ ಚೆನ್ನಾಗಿಯೇ ಬಂತು. ದಪ್ಪ ಕಾಂಡ, ಅಗಲ ಎಲೆ. ಆದರೆ ಮಾರ್ಚಿನಲ್ಲಿ ಕಾಂಡದ ಮೇಲೆ ಸಿಕ್ಕಿದ್ದು ಗುಂಡು ಕೋಸಲ್ಲ, ಬಿಚ್ಚಿಕೊಂಡ ಎಲೆಗಳ ಗೊಂಚಲು. ಪಲ್ಯ ಮಾಡಿದರೆ ಕಹಿ. ಮನೆಯಲ್ಲಿ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ತಪ್ಪು ಗೊಬ್ಬರದ್ದಲ್ಲ, ಬೀಜದ್ದೂ ಅಲ್ಲ. ನಾನು ಚಳಿಯ ದಿನ ಎಣಿಸಿರಲಿಲ್ಲ.

ನಮ್ಮನೆಯಲ್ಲಿ ಬ್ರಸೆಲ್ಸ್ ಸ್ಪ್ರೌಟ್ಸಿಗೆ ಮರಿಕೋಸು ಅಂತ ಹೆಸರಿಟ್ಟಿದ್ದೇವೆ. ನೋಡಲು ಎಲೆಕೋಸಿನ ಮರಿಯ ಹಾಗೇ ಇದೆ. ಸಂಬಂಧವೂ ದೂರದ್ದಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಮರಿಕೋಸು ಎಲ್ಲವೂ ಒಂದೇ ಜಾತಿಯ ಗಿಡ. ಜನ ಸಾವಿರಾರು ವರ್ಷ ಬೀಜ ಆರಿಸುತ್ತ ಬಂದಾಗ ಒಂದೊಂದು ಕಡೆ ಒಂದೊಂದು ಭಾಗ ಉಬ್ಬಿತು. ತುದಿಮೊಗ್ಗು ಉಬ್ಬಿದ್ದು ಎಲೆಕೋಸು. ಕಾಂಡ ಉಬ್ಬಿದ್ದು ನವಿಲುಕೋಸು. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಪ್ರತಿ ಗಿಡಕ್ಕೂ ಒಂದು ಪುಟ್ಟ ಮೊಗ್ಗು ಇರುತ್ತದೆ. ಆ ಮೊಗ್ಗುಗಳು ಸಾಲಾಗಿ ಉಬ್ಬಿದ್ದು ಮರಿಕೋಸು. ಇದಕ್ಕೆ ಹೆಸರು ಕೊಟ್ಟಿದ್ದು ಬೆಲ್ಜಿಯಂನ ಬ್ರಸೆಲ್ಸ್ ನಗರ.

ಇವೆಲ್ಲದರ ಕಾಡು ಬಂಧು ಇಂದಿಗೂ ಪಶ್ಚಿಮ ಯುರೋಪಿನ ಕಡಲಂಚಿನ ಸುಣ್ಣಕಲ್ಲಿನ ಬಂಡೆಗಳ ಮೇಲೆ ಬೆಳೆಯುತ್ತದೆ. ಅಂದರೆ ಇದು ಕರಾವಳಿಯ ಗಿಡವೇ. ಆದರೆ ಆ ಕಡಲು ತಣ್ಣಗಿನ ಕಡಲು, ಆ ಮಣ್ಣು ಸುಣ್ಣದ ಮಣ್ಣು. ಈ ಎರಡು ಮಾತು ನೆನಪಿಟ್ಟುಕೊಂಡರೆ ಮರಿಕೋಸಿನ ಅರ್ಧ ಕೃಷಿ ಕಲಿತ ಹಾಗೆ.

ಮೊದಲು ಚಳಿಯ ವಿಷಯ. ಮರಿಕೋಸಿಗೆ ಹಿತವಾದ ಉಷ್ಣತೆ ಸುಮಾರು 15ರಿಂದ 18 ಡಿಗ್ರಿ ಸೆಲ್ಸಿಯಸ್. ಮುಖ್ಯವಾಗಿ ಮೊಗ್ಗು ಕಟ್ಟುವ ಹೊತ್ತಿನಲ್ಲಿ ರಾತ್ರಿ ತಂಪಿರಬೇಕು. ಗಿಡ ಹಗಲು ಬಿಸಿಲಲ್ಲಿ ಸಕ್ಕರೆ ಮಾಡುತ್ತದೆ, ಹಗಲೂ ರಾತ್ರಿಯೂ ಉಸಿರಾಡುತ್ತದೆ. ಉಸಿರಾಟಕ್ಕೆ ಆ ಸಕ್ಕರೆಯೇ ಉರುವಲು. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ರಾತ್ರಿ ಬೆಚ್ಚಗಿದ್ದರೆ ಹಗಲಿನ ಗಳಿಕೆ ಬೆಳಗಾಗುವುದರೊಳಗೆ ಕರಗುತ್ತದೆ. ತಂಪಿದ್ದರೆ ಉಳಿಯುತ್ತದೆ, ಮೊಗ್ಗಿಗೆ ಹೋಗುತ್ತದೆ. ಮೊಗ್ಗು ನಿಧಾನವಾಗಿ, ಎಲೆಯ ಮೇಲೆ ಎಲೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಸೆಕೆಯಲ್ಲಿ ಅದೇ ಮೊಗ್ಗು ಅವಸರದಲ್ಲಿ ಬೆಳೆದು ಬಿಚ್ಚಿಕೊಳ್ಳುತ್ತದೆ.

ಯುರೋಪಿನವರು ಇದನ್ನು ಹಿಮ ಬಿದ್ದ ಮೇಲೆ ಕೊಯ್ಯಲು ಇಷ್ಟಪಡುತ್ತಾರೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಬಂದಾಗ ಗಿಡ ತನ್ನಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಸಕ್ಕರೆ ಬೆರೆತ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಜೀವಕೋಶ ಉಳಿಯುತ್ತದೆ, ತಿನ್ನುವವರಿಗೆ ಸಿಹಿ ಸಿಗುತ್ತದೆ. ಶಿರಸಿಯಲ್ಲಿ ಇಬ್ಬನಿ ಬೀಳುತ್ತದೆಯೇ ಹೊರತು ಹಿಮ ಬೀಳುವುದಿಲ್ಲ. ಆ ಸಿಹಿ ನಮಗೆ ಪೂರ್ತಿ ಸಿಗದು. ಆದರೂ ಬಿಗಿಯಾದ, ಹದವಾದ ಕೋಸು ಸಿಗುವಷ್ಟು ಚಳಿ ಇಲ್ಲಿದೆ.

ಕಾರವಾರದಲ್ಲಿ ಯಾಕಾಗದು? ಎತ್ತರಕ್ಕೆ ಹೋದ ಹಾಗೆ ಗಾಳಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ತಣಿಯುತ್ತದೆ. ಶಿರಸಿ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ಆ ಲೆಕ್ಕದಲ್ಲೇ ಹತ್ತಿರ ಹತ್ತಿರ 4 ಡಿಗ್ರಿ ವ್ಯತ್ಯಾಸ. ಅದರ ಮೇಲೆ ಸಮುದ್ರವಿದೆ. ಹಗಲು ಹೀರಿಕೊಂಡ ಶಾಖವನ್ನು ಅದು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಕಾರವಾರದ ಜನವರಿಯ ರಾತ್ರಿಯೂ ಬೆಚ್ಚಗೇ ಇರುತ್ತದೆ, ಹಗಲು 30 ಡಿಗ್ರಿ ದಾಟುತ್ತದೆ. ಕಾರವಾರ, ಅಂಕೋಲಾ, ಕುಮಟಾದವರು ಇದಕ್ಕೆ ಸುಮ್ನೆ ಶ್ರಮ ಹಾಕಬೇಡಿ ಎಂದೇ ನನ್ನ ಸಲಹೆ. ಅದೇ ಕುಟುಂಬದ ನವಿಲುಕೋಸು ನೆಟ್ಟ ಎರಡೇ ತಿಂಗಳಲ್ಲಿ ಕೈಗೆ ಬರುತ್ತದೆ, ಸೆಕೆಯನ್ನೂ ಸ್ವಲ್ಪ ತಾಳುತ್ತದೆ. ಇನ್ನು ಗದ್ದೆ ಕೊಯ್ಲಾದ ಮೇಲೆ ಹಾಲಕ್ಕಿ ಹೆಂಗಸರು ಬೆಳೆದು ತರುವ ಹರಿವೆಯ ರುಚಿಯ ಮುಂದೆ ಕರಾವಳಿಯ ಊಟಕ್ಕೆ ಬೇರೆ ಸೊಪ್ಪು ಬೇಕೆಂದು ನನಗಂತೂ ಅನಿಸಿಲ್ಲ.

ಘಟ್ಟದ ಮೇಲಿನ ನಮಗೆ ಸಿಗುವ ಚಳಿ ಎಷ್ಟು ದಿನ? ಡಿಸೆಂಬರ್, ಜನವರಿ, ಹೆಚ್ಚೆಂದರೆ ಫೆಬ್ರವರಿಯ ಮೊದಲ ವಾರಗಳು. ಮೊಗ್ಗು ಕಟ್ಟುವ ಕೆಲಸ ಈ ಅವಧಿಯೊಳಗೆ ಆಗಬೇಕು. ಆದ್ದರಿಂದ ಹಿಂದಿನಿಂದ ಎಣಿಸಬೇಕು. ಬೀಜದ ಪೊಟ್ಟಣದ ಮೇಲೆ ಬರೆದಿರುವ ದಿನ ಸಾಮಾನ್ಯವಾಗಿ ಸಸಿ ನೆಟ್ಟ ದಿನದಿಂದ ಶುರು. ಅದಕ್ಕೆ ಸಸಿಮಡಿಯ ನಾಲ್ಕೈದು ವಾರ ಸೇರಿಸಬೇಕು. ನಾನೀಗ ಹಬ್ಬದ ಲೆಕ್ಕ ಇಟ್ಟುಕೊಂಡಿದ್ದೇನೆ: ಚೌತಿಯ ಹೊತ್ತಿಗೆ ಬೀಜ, ನವರಾತ್ರಿ ಕಳೆದ ಮೇಲೆ ನಾಟಿ, ಸಂಕ್ರಾಂತಿಯ ಆಚೀಚೆ ಮೊದಲ ಕೊಯ್ಲು.

ತಳಿ ಆರಿಸುವಾಗ ಇದೊಂದೇ ಮಾತು ಮುಖ್ಯ. 90ರಿಂದ 100 ದಿನದ ಬೇಗದ ತಳಿಯನ್ನೇ ಕೊಳ್ಳಿ. ಲಾಂಗ್ ಐಲ್ಯಾಂಡ್ ಇಂಪ್ರೂವ್ಡ್ ಹಳೆಯ ತಳಿ. ಜೇಡ್ ಕ್ರಾಸ್ ಹೈಬ್ರಿಡ್, ಗಿಡ ಗಿಡ್ಡ, ಕೋಸು ಒತ್ತೊತ್ತಾಗಿ ಕೂರುತ್ತದೆ. ನಮ್ಮ ಹಿತ್ತಲಿಗೆ ನನ್ನ ಆಯ್ಕೆ ಜೇಡ್ ಕ್ರಾಸ್. ಹಿಲ್ಡ್ಸ್ ಐಡಿಯಲ್ ಎಂಬುದೂ ನಮ್ಮ ದೇಶದಲ್ಲಿ ಪರಿಚಿತ, ಆದರೆ ಅದು ತಂಪು ಗುಡ್ಡಗಾಡಿಗೆ ಹೇಳಿ ಮಾಡಿಸಿದ್ದು. ಐದಾರು ತಿಂಗಳು ತೆಗೆದುಕೊಳ್ಳುವ ತಳಿಗಳು ಯುರೋಪಿನ ಉದ್ದ ಚಳಿಗಾಲಕ್ಕೆ ಸರಿ, ನಮಗಲ್ಲ. ನೇರಳೆ ಬಣ್ಣದ ಚಂದದ ತಳಿಗಳೂ ಇವೆ. ಅವು ನಿಧಾನ, ಫಸಲೂ ಕಡಿಮೆ. ಚಿತ್ರ ನೋಡಿ ಮನಸೋಲಬೇಡಿ.

ಕಹಿಯ ಕಥೆ ಬೇರೆಯೇ ಇದೆ. ಆಯಿ ಸಾಸ್ಮೆಗೆ ಕಾಯಿ ಜೊತೆ ಸಾಸಿವೆ ಹಾಕಿ ಬೀಸುವಾಗ ಪ್ರತಿ ಸಲ ಹೇಳುತ್ತಿದ್ದಳು, "ಜಾಸ್ತಿ ಬೀಸಡ, ಕಹಿ ಆಗ್ತು." ಇಡೀ ಸಾಸಿವೆ ಕಾಳಿಗೆ ಘಾಟಿಲ್ಲ. ಅರೆದರೆ ಮೂಗಿಗೆ ಏರುತ್ತದೆ. ಕಾಳಿನೊಳಗೆ ಗ್ಲುಕೋಸಿನೊಲೇಟ್ ಎಂಬ ಗಂಧಕವಿರುವ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಅರೆದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಎಲೆ ಕಚ್ಚುವ ಹುಳುವಿನ ಬಾಯಲ್ಲೂ ಇದೇ ಆಗುತ್ತದೆ. ಗಿಡದ ರಕ್ಷಣೆ ಅದು. ಮರಿಕೋಸು ಸಾಸಿವೆಯ ಬಂಧು, ಅದೇ ವ್ಯವಸ್ಥೆ ಇದರಲ್ಲೂ ಇದೆ.

1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಹಾನ್ಸ್ ವಾನ್ ಡೋರ್ನ್ ಮರಿಕೋಸಿನ ಕಹಿಗೆ ಮುಖ್ಯವಾಗಿ ಸಿನಿಗ್ರಿನ್ ಮತ್ತು ಪ್ರೊಗಾಯ್ಟ್ರಿನ್ ಎಂಬ ಎರಡು ಗ್ಲುಕೋಸಿನೊಲೇಟ್‌ಗಳು ಕಾರಣ ಎಂದು ಗುರುತಿಸಿದರು. ಆಮೇಲೆ ತಳಿಗಾರರು ಕಹಿ ಕಡಿಮೆಯಿದ್ದ ಹಳೆಯ ತಳಿಗಳನ್ನು ಹುಡುಕಿ, ಹೆಚ್ಚು ಫಸಲಿನ ತಳಿಗಳ ಜೊತೆ ಕೂಡಿಸಿದರು. ಇಂದಿನ ಎಷ್ಟೋ ಹೈಬ್ರಿಡ್‌ಗಳು ಅದಕ್ಕೇ ಹಿಂದಿನಷ್ಟು ಕಹಿಯಲ್ಲ.

ಒಂದೇ ಬಾಣಲೆಯ ಪಲ್ಯ ಒಬ್ಬರಿಗೆ ಕಹಿ, ಇನ್ನೊಬ್ಬರಿಗೆ ರುಚಿ ಆಗುವುದಕ್ಕೂ ಕಾರಣವಿದೆ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಪ್ರಯೋಗಾಲಯದಲ್ಲಿ ಒಂದು ಪುಡಿ ಸುರಿಯುವಾಗ ಅದು ಗಾಳಿಯಲ್ಲಿ ಹಾರಿತು. ಪಕ್ಕದಲ್ಲಿದ್ದವರು ಕಹಿ ಎಂದರು. ಫಾಕ್ಸ್‌ಗೆ ಏನೂ ಅನಿಸಲಿಲ್ಲ. ಆ ವ್ಯತ್ಯಾಸ ಹುಟ್ಟಿನಿಂದಲೇ ಬರುವುದು, ನಾಲಿಗೆಯ ಕಹಿ ಗ್ರಾಹಕವೊಂದರ ಜೀನಿನಿಂದ ಬರುವುದು ಎಂದು ಮುಂದೆ ತಿಳಿಯಿತು. ಕೋಸಿನ ಕಹಿಯನ್ನು ಹಿಡಿಯುವುದರಲ್ಲೂ ಅದೇ ಗ್ರಾಹಕದ ಪಾಲಿದೆ. ಹಾಗಾಗಿ ಮಗು ಮುಖ ಕಿವಿಚಿದರೆ ಹಟ ಎಂದು ಬೈಯಬೇಡಿ. ಅದರ ನಾಲಿಗೆಗೆ ನಿಜವಾಗಿಯೂ ಜಾಸ್ತಿ ಕಹಿ ತಾಗುತ್ತಿರಬಹುದು.

ಇನ್ನು ಮಣ್ಣು. ನಮ್ಮ ಜಂಬಿಟ್ಟಿಗೆ ಮಣ್ಣನ್ನು ಮಳೆಗಾಲ ತೊಳೆಯುತ್ತಲೇ ಇರುತ್ತದೆ. ಸುಣ್ಣದಂಶ ಕೊಚ್ಚಿ ಹೋಗಿ ಮಣ್ಣು ಹುಳಿಯಾಗುತ್ತದೆ. ಸುಣ್ಣಕಲ್ಲಿನ ಬಂಡೆಯ ಸಂತತಿಗೆ ಇದು ಒಗ್ಗುವುದಿಲ್ಲ. ಮಣ್ಣಿನ ಹುಳಿಯನ್ನು ಅಳೆಯುವ ಪಿಎಚ್ 6ರಿಂದ 6.8ರ ನಡುವೆ ಇದ್ದರೆ ಒಳ್ಳೆಯದು. ಕೋಸಿನ ಬೇರನ್ನು ಗಂಟುಗಂಟಾಗಿಸುವ ರೋಗಾಣುವಿಗೂ ಹುಳಿಮಣ್ಣೇ ಇಷ್ಟ. ನಾನು ನಾಟಿಗೆ ತಿಂಗಳು ಮೊದಲೇ ಏರಿಗೆ ಚಿಪ್ಪಿನ ಸುಣ್ಣದ ಪುಡಿ ಬೆರೆಸುತ್ತೇನೆ. ಮಣ್ಣು ಪರೀಕ್ಷೆ ಮಾಡಿಸಿ ಪ್ರಮಾಣ ಕೇಳಿಕೊಂಡರೆ ಇನ್ನೂ ಒಳ್ಳೆಯದು. ಅಘನಾಶಿನಿಯ ಒಂದು ಮೂಲ ನಮ್ಮ ಶಿರಸಿಯ ಶಂಕರಹೊಂಡದಲ್ಲಿದೆ. ಅದೇ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಚಿಪ್ಪು ರಾಶಿಯಾಗಿ ಸಿಗುತ್ತದೆ. ಘಟ್ಟದ ಮಣ್ಣು ಕಳೆದುಕೊಂಡ ಸುಣ್ಣ ಕಡಲಿಂದ ಹಿಂದೆ ಬರುವುದನ್ನು ನೋಡಿದರೆ ನನಗೆ ಪ್ರತಿ ವರ್ಷ ಸಂತೋಷವಾಗುತ್ತದೆ.

ಚೌತಿಯ ಹೊತ್ತಿಗೆ ಮಳೆ ಪೂರ್ತಿ ನಿಂತಿರುವುದಿಲ್ಲ. ಸಸಿಮಡಿಗೆ ಪ್ಲಾಸ್ಟಿಕ್ ಹಾಳೆಯ ಮಾಡು ಬೇಕೇ ಬೇಕು. ಇಲ್ಲದಿದ್ದರೆ ಎಳೆ ಸಸಿ ಬುಡದಲ್ಲಿ ಕೊಳೆತು ಮಲಗುತ್ತದೆ. ಇದನ್ನು ಮಾಡುವ ಪಿಥಿಯಂ ಎಂಬ ರೋಗಾಣು, ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ಥೊರಾದ ಹತ್ತಿರದ ಸಂಬಂಧಿ. ಐದಾರು ಎಲೆ ಬಂದ ಸಸಿಯನ್ನು ಎರಡಡಿ ಅಂತರದಲ್ಲಿ ನೆಟ್ಟು, ಬುಡದ ಮಣ್ಣನ್ನು ಗಟ್ಟಿಯಾಗಿ ಒತ್ತಿ. ಬುಡ ಅಲ್ಲಾಡುವ ಗಿಡದಲ್ಲಿ ಕೋಸು ಸಡಿಲ. ಕೊಟ್ಟಿಗೆ ಗೊಬ್ಬರ ಧಾರಾಳ ಇರಲಿ, ಯೂರಿಯಾ ಮಾತ್ರ ಕಡಿಮೆ. ಸಾರಜನಕ ಜಾಸ್ತಿಯಾದರೂ ಕೋಸು ಬಿಚ್ಚಿಕೊಳ್ಳುತ್ತದೆ. ಮೇಲೆ ಒಣ ಎಲೆಯ ದರಕು ಹೊದಿಸಿದರೆ ಬೇರು ತಂಪಾಗಿರುತ್ತದೆ.

ಕೋಸಿನ ದೊಡ್ಡ ಶತ್ರು ವಜ್ರಬೆನ್ನಿನ ಪತಂಗದ ಹಸಿರು ಹುಳು. ಗಿಡ ರಕ್ಷಣೆಗೆಂದು ಇಟ್ಟುಕೊಂಡ ಗ್ಲುಕೋಸಿನೊಲೇಟೇ ಈ ಪತಂಗಕ್ಕೆ ಮೊಟ್ಟೆಯಿಡುವ ಜಾಗದ ಗುರುತು. ಇದನ್ನೇ ನಾವೂ ಬಳಸಬಹುದು. ಎಲೆಕೋಸಿನ ನಡುವೆ ಸಾಸಿವೆ ಸಾಲು ಹಾಕಿದರೆ ಪತಂಗ ಅಲ್ಲಿಗೆ ಹೋಗುತ್ತದೆ ಎಂದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟಿದೆ. ನಾಟಿಗೆ 15 ದಿನ ಮೊದಲು ಒಂದು ಸಾಲು, ನೆಟ್ಟ 25 ದಿನಕ್ಕೆ ಇನ್ನೊಂದು ಸಾಲು. ಮರಿಕೋಸಿಗೂ ನಾನು ಹೀಗೇ ಮಾಡುತ್ತೇನೆ. ಬೇವಿನ ಬೀಜದ ಕಷಾಯವನ್ನೂ ಹೊಡೆಯುತ್ತೇನೆ.

ಕೆಳಗಿನ ಕೋಸು ಗೋಲಿಯಷ್ಟು ದಪ್ಪ ಆದಾಗ ಗಿಡದ ಕುಡಿ ಚಿವುಟಬೇಕು. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ತಡೆದಿಡುತ್ತದೆ. ತುದಿ ಹೋದರೆ ತಡೆಯೂ ಹೋಗುತ್ತದೆ. ಸೇವಂತಿಗೆಯ ಕುಡಿ ಚಿವುಟುವುದೂ ಇದಕ್ಕೇ ಅಲ್ವಾ? ನಮ್ಮ ಹಾಗೆ ಚಳಿ ಕಡಿಮೆ ದಿನ ಇರುವ ಊರಿನಲ್ಲಿ ಇದನ್ನು ಬಿಡಲೇಬಾರದು. ಎಲ್ಲ ಕೋಸೂ ಒಟ್ಟಿಗೆ ತುಂಬಿ, ಸೆಕೆ ಶುರುವಾಗುವ ಮೊದಲೇ ಕೊಯ್ಲಿಗೆ ಬರುತ್ತವೆ. ಚಿವುಟಿದ ಕುಡಿ ಪಲ್ಯಕ್ಕೆ ಆಗುತ್ತದೆ.

ಕೊಯ್ಲು ಕೆಳಗಿನಿಂದ ಮೇಲಕ್ಕೆ. ಒಂದಿಂಚು ದಪ್ಪವಾಗಿ, ಒತ್ತಿದರೆ ಗಟ್ಟಿ ಇದ್ದರೆ ತಿರುಚಿ ಕೀಳಿ. ಇನ್ನೂ ದಪ್ಪ ಆಗಲಿ ಎಂದು ಕಾಯಬೇಡಿ. ಎರಡು ಹೋಳು ಮಾಡಿ ದೊಡ್ಡ ಉರಿಯಲ್ಲಿ ಬೇಗ ಹುರಿದು, ಕಾಯಿತುರಿ ಹಾಕಿ ಇಳಿಸಿ. ಜಾಸ್ತಿ ಹೊತ್ತು ಬೇಯಿಸಿದರೆ ಗಂಧಕದ ವಸ್ತುಗಳು ಒಡೆದು ಮನೆಯೆಲ್ಲ ವಾಸನೆ.

ಇದರ ಬೀಜ ಮಾತ್ರ ನಮ್ಮಲ್ಲಿ ಆಗುವುದಿಲ್ಲ. ಹೂ ಬಿಡಬೇಕಾದರೆ ಗಿಡ ವಾರಗಟ್ಟಲೆ ಕೊರೆಯುವ ಚಳಿ ಕಾಣಬೇಕು. ಶಿರಸಿಯ ಚಳಿ ಅದಕ್ಕೆ ಸಾಲದು. ಪ್ರತಿ ವರ್ಷ ಬೀಜ ಕೊಳ್ಳಲೇಬೇಕು. ಫೆಬ್ರವರಿ ಮುಗಿಯುವಾಗ ನಾನು ಕಾಂಡಗಳನ್ನು ಬೇರುಸಹಿತ ಕಿತ್ತು, ಆ ಏರಿಗೆ ಮೊಗೆಕಾಯಿ ಬೀಜ ಹಾಕುತ್ತೇನೆ. ಮುಂದಿನ ಮೂರು ವರ್ಷ ಆ ಜಾಗದಲ್ಲಿ ಯಾವ ಕೋಸೂ ಇಲ್ಲ.