ಸೆಲೆಕ್ಟ್ ಆಗಿದ್ದೆಲ್ಲ ಆಕ್ಟಿವ್ ಅಲ್ಲ

"ಆಬ್ಜೆಕ್ಟ್ ಸೆಲೆಕ್ಟ್ ಮಾಡಿದ್ದೆ, ಪಕ್ಕದ ವಿಂಡೋಗೆ ಹೋದ ತಕ್ಷಣ ಸೆಲೆಕ್ಷನ್ ಹೋಯ್ತು." 3D ಸಾಫ್ಟ್‌ವೇರ್‌ಗಳಲ್ಲಿ ಕೋಡ್ ಬರೆಯುವ ಬದಲು ನೋಡ್ (ಒಂದೊಂದು ಕೆಲಸ ಮಾಡುವ ಪೆಟ್ಟಿಗೆ) ಜೋಡಿಸಿ ಸ್ಕ್ರಿಪ್ಟ್ ಮಾಡುವವರು ಹೀಗೆ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ಬಹಳಷ್ಟು ಸಲ ಸೆಲೆಕ್ಷನ್ ಎಲ್ಲಿಗೂ ಹೋಗಿರುವುದಿಲ್ಲ. ಹೋಗಿರುವುದು ಫೋಕಸ್, ಇಲ್ಲವೇ ಬದಲಾಗಿರುವುದು ಆಕ್ಟಿವ್ ಆಬ್ಜೆಕ್ಟ್. ಟ್ಯುಟೋರಿಯಲ್ ಮಾಡುವವರೂ ಮೂರಕ್ಕೂ 'ಸೆಲೆಕ್ಟ್ ಆಗಿರೋದು' ಅಂತಲೇ ಹೇಳಿ ಮುಂದೆ ಹೋಗಿಬಿಡುತ್ತಾರೆ, ಕಲಿಯುವವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಸೆಲೆಕ್ಷನ್ ಅಂದರೆ ಒಂದು ಪಟ್ಟಿ. ಅದು ಖಾಲಿ ಇರಬಹುದು, ಅದರಲ್ಲಿ ಒಂದೇ ಇರಬಹುದು, ಐನೂರೂ ಇರಬಹುದು. ಆಕ್ಟಿವ್ ಅಂದರೆ ಮುಖ್ಯ ಅಂತ ಹಿಡಿದ ಆಬ್ಜೆಕ್ಟ್, ಯಾವಾಗಲೂ ಹೆಚ್ಚೆಂದರೆ ಒಂದೇ ಒಂದು. ಫೋಕಸ್ ಅಂದರೆ ಈಗ ಒತ್ತಿದ ಕೀ ಯಾವ ವಿಂಡೋಗೆ ತಲುಪುತ್ತದೆ ಅನ್ನುವುದು ಅಷ್ಟೇ.

ಮೊದಲೆರಡರ ವ್ಯತ್ಯಾಸ 3D ಮಾಡೆಲ್ ಮಾಡುವ ಬ್ಲೆಂಡರ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ಮೂರು ಕ್ಯೂಬ್ ಇವೆ ಅಂದುಕೊಳ್ಳಿ. ಶಿಫ್ಟ್ ಹಿಡಿದು ಒಂದೊಂದಾಗಿ ಕ್ಲಿಕ್ ಮಾಡಿದರೆ ಮೂರಕ್ಕೂ ಕಿತ್ತಳೆ ಅಂಚು ಬರುತ್ತದೆ, ಕೊನೆಯದರ ಅಂಚು ಮಾತ್ರ ಸ್ವಲ್ಪ ತಿಳಿ. ಆ ತಿಳಿ ಬಣ್ಣದ್ದೇ ಆಕ್ಟಿವ್. ಈಗ ಕಂಟ್ರೋಲ್ ಪಿ ಒತ್ತಿದರೆ ಅದು ಪೇರೆಂಟ್ ಆಗುತ್ತದೆ, ಉಳಿದೆರಡು ಅದರ ಜೊತೆಗೇ ಚಲಿಸುವ ಮಕ್ಕಳು. ಕಂಟ್ರೋಲ್ ಜೆ ಒತ್ತಿದರೆ ಉಳಿದೆರಡೂ ಅದರೊಳಗೆ ಸೇರಿಹೋಗುತ್ತವೆ, ಹೆಸರು ಅದರದೇ ಉಳಿಯುತ್ತದೆ, ಆರಿಜಿನ್ (ಆಬ್ಜೆಕ್ಟ್‌ನ ಮೂಲಬಿಂದು) ಕೂಡ ಅದರದೇ. ಅದೇ ಮೂರನ್ನು ಬಾಕ್ಸ್ ಎಳೆದು ಸೆಲೆಕ್ಟ್ ಮಾಡಿ ನೋಡಿ. ಪಟ್ಟಿಗೆ ಮೂರೂ ಬರುತ್ತವೆ, ಆದರೆ ಆಕ್ಟಿವ್ ಮೊದಲು ಯಾವುದಿತ್ತೋ ಅದೇ. ಅದು ಆಚೆ ಇರುವ ಲೈಟ್ ಆಗಿದ್ದರೆ ಕಂಟ್ರೋಲ್ ಜೆ ಕೆಲಸವನ್ನೇ ಮಾಡುವುದಿಲ್ಲ. ಆಗ 'ಬ್ಲೆಂಡರ್‌ನಲ್ಲಿ ಬಗ್ ಇದೆ' ಅಂತ ದೂರು ಶುರುವಾಗುತ್ತದೆ.

ಎಲ್ಲವನ್ನೂ ಬಿಡಿಸಿಬಿಟ್ಟರೂ ಆಕ್ಟಿವ್ ಆಬ್ಜೆಕ್ಟ್ ಉಳಿದೇ ಇರುತ್ತದೆ. ಪಟ್ಟಿ ಖಾಲಿ, ಅಂಚಿನ ಬಣ್ಣ ಹೋಯ್ತು, ಆದರೂ ಪಕ್ಕದ ಪ್ರಾಪರ್ಟೀಸ್‌ನಲ್ಲಿ ಅದರದೇ ಅಂಕಿಗಳು ಕಾಣುತ್ತಿರುತ್ತವೆ. ಮೆಟೀರಿಯಲ್ ಅನ್ನು, ಅಂದರೆ ಮೇಲ್ಮೈಯ ಬಣ್ಣ ಹೊಳಪನ್ನು, ನೋಡ್‌ಗಳಲ್ಲಿ ಕಟ್ಟುವ ಶೇಡರ್ ಎಡಿಟರ್ ತೋರಿಸುವುದೂ ಆಕ್ಟಿವ್ ಆಬ್ಜೆಕ್ಟ್‌ನ ಮೆಟೀರಿಯಲ್ ಅನ್ನೇ. ಹಾಗಾಗಿ 'ಸೆಲೆಕ್ಟ್ ಮಾಡಿದ ಆಬ್ಜೆಕ್ಟ್‌ನ ನೋಡ್‌ಗಳು ಇಲ್ಲಿ ಕಾಣುತ್ತವೆ' ಅನ್ನುವ ವಾಕ್ಯ ತಪ್ಪು. ಹತ್ತು ಸೆಲೆಕ್ಟ್ ಮಾಡಿದರೆ ಹತ್ತರ ನೋಡ್ ಕಾಣುತ್ತದಾ? ಇಲ್ಲ ಅಲ್ವಾ. ಎರಡನ್ನೂ ಒಂದೇ ಅಂದುಕೊಂಡು ಬರೆದ ಪೈಥಾನ್ ಸ್ಕ್ರಿಪ್ಟ್‌ನಲ್ಲೂ ಇದೇ ಕಥೆ. ಲೂಪ್ ಓಡುವುದು ಸೆಲೆಕ್ಟೆಡ್ ಆಬ್ಜೆಕ್ಟ್ಸ್ ಪಟ್ಟಿಯ ಮೇಲೆ, ಒಳಗಿನ ಸಾಲು ಬದಲಾಯಿಸುವುದು ಮಾತ್ರ ಆಕ್ಟಿವ್ ಆಬ್ಜೆಕ್ಟ್ ಅನ್ನು. ಹತ್ತು ಸಲ ಓಡಿ ಒಂದನ್ನೇ ತಿದ್ದುತ್ತದೆ.

ಇನ್ನು ವಿಂಡೋ ವಿಷಯ. ಪಟ್ಟಿ ಇರುವುದು ವಿಂಡೋದಲ್ಲಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬ್ಲೆಂಡರ್‌ನಲ್ಲಿ ಆಬ್ಜೆಕ್ಟ್‌ಗಳ ಸೆಲೆಕ್ಷನ್ ಇರುವುದು ವ್ಯೂ ಲೇಯರ್‌ನಲ್ಲಿ (ದೃಶ್ಯದ ಯಾವ ಆಬ್ಜೆಕ್ಟ್‌ಗಳು ಕಾಣಬೇಕು ಅನ್ನುವ ವಿಂಗಡಣೆ), ನೋಡ್‌ಗಳದು ಆ ನೋಡ್ ಟ್ರೀಯಲ್ಲೇ (ನೋಡ್‌ಗಳನ್ನು ಜೋಡಿಸಿದ ಬಲೆ). ಒಂದೇ ಟ್ರೀಯನ್ನು ಎರಡು ವಿಂಡೋದಲ್ಲಿ ತೆರೆದು ಒಂದರಲ್ಲಿ ನೋಡ್ ಕ್ಲಿಕ್ ಮಾಡಿದರೆ ಇನ್ನೊಂದರಲ್ಲೂ ಅದು ಸೆಲೆಕ್ಟ್ ಆಗುತ್ತದೆ. ಹೊಸ ಮೇನ್ ವಿಂಡೋ ತೆರೆದು ಅಲ್ಲಿ ಬೇರೆ ವ್ಯೂ ಲೇಯರ್ ಹಾಕಿಕೊಂಡರೆ ಆಬ್ಜೆಕ್ಟ್‌ಗಳ ಪಟ್ಟಿಯೂ ಬೇರೆಯೇ. ಗೇಮ್ ಮಾಡುವ ಅನ್‌ರಿಯಲ್‌ನಲ್ಲಿ ಲೆವೆಲ್‌ನ ಆಕ್ಟರ್‌ಗಳದು (ಅಲ್ಲಿ ಇಟ್ಟ ಆಬ್ಜೆಕ್ಟ್‌ಗಳು) ಒಂದು ಪಟ್ಟಿ, ಬ್ಲೂಪ್ರಿಂಟ್ ಅನ್ನುವ ಅದರ ನೋಡ್ ಸ್ಕ್ರಿಪ್ಟ್‌ನ ಗ್ರಾಫ್‌ನಲ್ಲಿರುವ ನೋಡ್‌ಗಳದು ಇನ್ನೊಂದು. ಎರಡೂ ಒಟ್ಟಿಗೆ ಇರುತ್ತವೆ, ಒಂದು ಬಂದರೆ ಇನ್ನೊಂದು ಅಳಿಸಿಹೋಗುವುದಿಲ್ಲ.

ಇನ್ನೊಂದು ಗೇಮ್ ಎಂಜಿನ್ ಯುನಿಟಿಯಲ್ಲಿ ಆಬ್ಜೆಕ್ಟ್‌ಗಳದು ಇಡೀ ಎಡಿಟರ್‌ಗೆ ಒಂದೇ ಸೆಲೆಕ್ಷನ್. 2020ರಲ್ಲಿ ಯುನಿಟಿ ಕೊಂಡುಕೊಂಡ ಬೋಲ್ಟ್ ಅನ್ನುವ ನೋಡ್ ಸ್ಕ್ರಿಪ್ಟಿಂಗ್ ಟೂಲ್ ಈಗ ವಿಶುವಲ್ ಸ್ಕ್ರಿಪ್ಟಿಂಗ್ ಅನ್ನುವ ಹೆಸರಲ್ಲಿ ಅದರ ಜೊತೆಗೇ ಬರುತ್ತದೆ. ಅದರ ಗ್ರಾಫ್ ವಿಂಡೋ ಸೆಲೆಕ್ಷನ್ ಹಿಂದೆಯೇ ಓಡುತ್ತದೆ, ಆದ್ದರಿಂದ ಬೇರೆ ಆಬ್ಜೆಕ್ಟ್ ಮುಟ್ಟಿದರೆ ಎದುರಿನ ಗ್ರಾಫ್ ಬದಲಾಗುತ್ತದೆ. ಅದಕ್ಕೇ ಲಾಕ್ ಬಟನ್ ಇರುವುದು. ಆದರೆ 'ಲಾಕ್ ಮಾಡಿದರೆ ಸೆಲೆಕ್ಷನ್ ಲಾಕ್ ಆಗುತ್ತದೆ' ಅಂತ ದಯವಿಟ್ಟು ಹೇಳಿಕೊಡಬೇಡಿ. ಲಾಕ್ ಆಗುವುದು ಆ ವಿಂಡೋ ಏನು ತೋರಿಸುತ್ತಿದೆಯೋ ಅದು ಮಾತ್ರ. ಸೆಲೆಕ್ಷನ್ ತನ್ನ ಪಾಡಿಗೆ ಬದಲಾಗುತ್ತಲೇ ಇರುತ್ತದೆ, ಲಾಕ್ ಮಾಡಿದ ವಿಂಡೋ ನೋಡುತ್ತಾ ಡಿಲೀಟ್ ಒತ್ತಿದರೆ ಯಾವುದು ಹೋಗುತ್ತದೆ ಅನ್ನುವುದು ಫೋಕಸ್ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಬ್ಲೆಂಡರ್‌ನಲ್ಲಂತೂ ಕ್ಲಿಕ್ಕೂ ಬೇಡ, ಮೌಸ್ ಯಾವ ಎಡಿಟರ್ ಮೇಲಿದೆಯೋ ಕೀ ಅಲ್ಲಿಗೇ ಹೋಗುತ್ತದೆ.

ಇನ್ನೊಂದು ಗೊಂದಲ ಸೆಲೆಕ್ಷನ್ ಮತ್ತು ರೆಫರೆನ್ಸ್ ನಡುವಿನದು. 3D ಮಾಡೆಲ್ ಮಾಡುವ ರೈನೊದಲ್ಲಿ ಒಂದು ಕರ್ವ್ ಆರಿಸಿ, ಅದರೊಳಗಿನ ನೋಡ್ ಎಡಿಟರ್ ಗ್ರಾಸ್‌ಹಾಪರ್‌ನ ಕರ್ವ್ ಪ್ಯಾರಾಮೀಟರ್‌ಗೆ (ಕರ್ವ್ ಹಿಡಿದಿಡುವ ನೋಡ್) ಕೊಟ್ಟರೆ ಸೆಲೆಕ್ಷನ್‌ನ ಕೆಲಸ ಆ ಕ್ಷಣಕ್ಕೇ ಮುಗಿಯಿತು. ಆಮೇಲೆ ರೈನೊದಲ್ಲಿ ಏನನ್ನು ಸೆಲೆಕ್ಟ್ ಮಾಡಿದರೂ, ಬಿಟ್ಟರೂ ಪ್ಯಾರಾಮೀಟರ್‌ಗೆ ಸಂಬಂಧವಿಲ್ಲ. ಅದು ನೆನಪಿಟ್ಟಿರುವುದು ಆ ಕರ್ವ್ ಅನ್ನು. ಕರ್ವ್ ಸರಿಸಿದರೆ ಗ್ರಾಫ್ ಕೂಡ ಬದಲಾಗುತ್ತದೆ, ಅಳಿಸಿದರೆ ಪ್ಯಾರಾಮೀಟರ್ ಖಾಲಿ. ಅನ್‌ರಿಯಲ್‌ನ ಲೆವೆಲ್ ಬ್ಲೂಪ್ರಿಂಟ್‌ನಲ್ಲೂ ಹೀಗೇ: ಲೆವೆಲ್‌ನಲ್ಲಿ ಆಕ್ಟರ್ ಆರಿಸಿ, ಗ್ರಾಫ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ಅದರ ರೆಫರೆನ್ಸ್ ನೋಡ್ ಸಿಗುತ್ತದೆ, ಅಲ್ಲಿಂದಾಚೆಗೆ ಆ ಸೆಲೆಕ್ಷನ್ ಬೇಕಿಲ್ಲ.

ತಿರುಗಿ ಬರುವ ದಾರಿ ಮಾತ್ರ ಹೀಗಿಲ್ಲ. ಗ್ರಾಸ್‌ಹಾಪರ್‌ನಲ್ಲಿ ಕಾಂಪೊನೆಂಟ್ ಆರಿಸಿದರೆ ಅದರ ಪ್ರಿವ್ಯೂ ರೈನೊ ವಿಂಡೋದಲ್ಲಿ ಕೆಂಪಿನಿಂದ ಹಸಿರಾಗುತ್ತದೆ. ಹಸಿರಾಯ್ತು ಅಂತ ರೈನೊದಲ್ಲಿ ಅದು ಸೆಲೆಕ್ಟ್ ಆಗಿದೆ ಅಂತಲ್ಲ. ಆ ಪ್ರಿವ್ಯೂ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ಸುಮ್ನೆ, ಯಾಕೆಂದರೆ ರೈನೊ ಫೈಲ್‌ನಲ್ಲಿ ಆ ಆಬ್ಜೆಕ್ಟ್ ಇನ್ನೂ ಇಲ್ಲವೇ ಇಲ್ಲ. ಬೇಕ್ ಮಾಡಿದ, ಅಂದರೆ ಪ್ರಿವ್ಯೂವನ್ನು ನಿಜವಾದ ಆಬ್ಜೆಕ್ಟ್ ಆಗಿ ಫೈಲ್‌ಗೆ ಇಳಿಸಿದ ಮೇಲಷ್ಟೇ ಅದು ರೈನೊದ ಪಟ್ಟಿಗೆ ಸೇರಲು ಸಾಧ್ಯ, ಮತ್ತು ಬೇಕ್ ಆದದ್ದನ್ನು ಸೆಲೆಕ್ಟ್ ಮಾಡಿ ಎಳೆದಾಡಿದರೆ ಹಿಂದಿನ ಕಾಂಪೊನೆಂಟ್‌ಗೆ ಅದು ಗೊತ್ತಾಗುವುದಿಲ್ಲ.