ಹೊಸ ಕ್ಯಾಮೆರಾದ ಫೋಟೋದಲ್ಲಿ ಚುಕ್ಕೆ, ಕಲೆ: ದೋಷವಾ, ಮಾಮೂಲಾ?

ಪ್ರಶ್ನೆ: ಬಹಳ ದಿನ ಹಣ ಕೂಡಿಟ್ಟು ಒಂದು ಫುಲ್ ಫ್ರೇಮ್ ಕ್ಯಾಮೆರಾ ಕೊಂಡೆ. ರಾತ್ರಿ ತೆಗೆದ ಫೋಟೋಗಳಲ್ಲಿ ಕೆಂಪು, ಬಿಳಿ ಚುಕ್ಕೆಗಳು ಕಾಣುತ್ತಿವೆ. ಹಗಲಲ್ಲಿ ಆಕಾಶದ ಫೋಟೋ ತೆಗೆದರೆ ಮೂಲೆಯಲ್ಲಿ ಮಸುಕಾದ ಕಪ್ಪು ಕಲೆ. ಅಂಗಡಿಯವರನ್ನು ಕೇಳಿದರೆ "ಇದೆಲ್ಲ ಮಾಮೂಲು, ಬಳಸ್ತಾ ಬಳಸ್ತಾ ಸರಿಹೋಗುತ್ತೆ" ಅನ್ನುತ್ತಾರೆ. ಇದು ನಿಜವಾಗಿಯೂ ದೋಷವಾ? ಬದಲಾಯಿಸಿ ಕೊಡಿ ಎಂದು ಕೇಳಬಹುದಾ?

ಉತ್ತರ: ಖಂಡಿತ ಕೇಳಬಹುದು. ಆದರೆ ಅದಕ್ಕೂ ಮೊದಲು ಒಂದು ಸಂಜೆ ಕೂತು ಪರೀಕ್ಷೆ ಮಾಡಿ. ನೀವು ಹೇಳಿರುವ ಎರಡು ತೊಂದರೆಗಳೂ ಬೇರೆ ಬೇರೆ. ಚುಕ್ಕೆಗಳು ಬಹುಶಃ ಮೆನುವಿನಲ್ಲೇ ಸರಿಹೋಗುತ್ತವೆ. ಕಲೆ ಬರೀ ಧೂಳಿರಬಹುದು, ಅಥವಾ ಕ್ಯಾಮೆರಾವನ್ನೇ ಬದಲಾಯಿಸಬೇಕಾದ ದೋಷವೂ ಆಗಿರಬಹುದು. "ಬಳಸ್ತಾ ಸರಿಹೋಗುತ್ತೆ" ಎಂಬ ಮಾತನ್ನು ಮಾತ್ರ ನಂಬಬೇಡಿ. ಸೆನ್ಸರ್‌ನಲ್ಲಿರುವ (ಬೆಳಕು ಹಿಡಿದು ಚಿತ್ರ ಮಾಡುವ ಭಾಗದಲ್ಲಿರುವ) ದೋಷ ಬಳಸಿದರೆ ವಾಸಿಯಾಗುವುದಿಲ್ಲ. ಅಂಥ ಚುಕ್ಕೆಗಳು ಕ್ಯಾಮೆರಾಗೆ ವಯಸ್ಸಾದಂತೆ ಜಾಸ್ತಿಯಾಗುವುದೇ ಹೆಚ್ಚು.

ಮೊದಲು ರಸೀದಿ ತೆಗೆದು ಒಂದು ದಿನಾಂಕ ನೋಡಿ. ಕೊಂಡ ವಸ್ತುವನ್ನು ವಾಪಸ್ ಕೊಡಲು ಅಥವಾ ಬದಲಾಯಿಸಿಕೊಳ್ಳಲು ಅಂಗಡಿ ಎಷ್ಟು ದಿನ ಕೊಟ್ಟಿದೆ? ಇದನ್ನು ವಾರಂಟಿ ಜೊತೆ ಬೆರೆಸಬೇಡಿ. ವಾಪಸಾತಿಯ ಅವಧಿ ಚಿಕ್ಕದು. ಅದರೊಳಗೆ ಹೋದರೆ ಸಾಮಾನ್ಯವಾಗಿ ಹೊಸ ಕ್ಯಾಮೆರಾ ಸಿಗುತ್ತದೆ, ಇಲ್ಲವೇ ಹಣ ವಾಪಸ್ ಬರುತ್ತದೆ. ಅದು ಮುಗಿದ ಮೇಲೆ ಉಳಿಯುವುದು ಬಹುತೇಕ ರಿಪೇರಿ ಮಾತ್ರ. ಬಿಚ್ಚಿ ಜೋಡಿಸಿದ ಕ್ಯಾಮೆರಾವನ್ನೇ ವಾಪಸ್ ತರಬೇಕಾಗುತ್ತದೆ. ಅಂಗಡಿಯವರು "ಸ್ವಲ್ಪ ದಿನ ನೋಡಿ" ಅಂದಾಗ ಓಡುತ್ತಿರುವುದು ಇದೇ ಅವಧಿ. ಅದಕ್ಕೇ ಇವತ್ತೇ ಒಂದು ಸಂದೇಶ ಬರೆದು ಕಳಿಸಿ. ಬಾಯಿಮಾತಿನ ದೂರಿಗೆ ತಾರೀಖು ಇರುವುದಿಲ್ಲ. ಪೆಟ್ಟಿಗೆ, ಪ್ಲಾಸ್ಟಿಕ್ ಕವರ್, ಚಾರ್ಜರ್, ಬೆಲ್ಟು ಯಾವುದನ್ನೂ ಬಿಸಾಡಬೇಡಿ. ಕ್ಯಾಮೆರಾ ಮೇಲಿನ ಸೀರಿಯಲ್ ನಂಬರ್, ಪೆಟ್ಟಿಗೆ ಮೇಲಿನದು, ರಸೀದಿಯಲ್ಲಿ ಬರೆದದ್ದು ಮೂರೂ ಒಂದೇನಾ ಅಂತಲೂ ನೋಡಿಕೊಳ್ಳಿ.

ಈಗ ಚುಕ್ಕೆಗಳ ವಿಷಯ.

ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ ಸೆನ್ಸರ್ ಅಂದರೆ ಬೆಳಕು ಹಿಡಿಯುವ 2.4 ಕೋಟಿ ಪುಟ್ಟ ಬಿಂದುಗಳು. ಇಷ್ಟರಲ್ಲಿ ಕೆಲವಾದರೂ ಸರಿಯಿಲ್ಲದ ಬಿಂದುಗಳು ಎಲ್ಲ ಸೆನ್ಸರ್‌ಗಳಲ್ಲೂ ಇರುತ್ತವೆ. ಕಾರ್ಖಾನೆಯಲ್ಲೇ ಅವನ್ನು ಗುರುತಿಸಿ ಒಂದು ಪಟ್ಟಿ ಮಾಡುತ್ತಾರೆ. ಫೋಟೋ ತೆಗೆದಾಗ ಆ ಜಾಗದ ಬಣ್ಣವನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಕ್ಯಾಮೆರಾ ತುಂಬುತ್ತದೆ. ಪಟ್ಟಿಗೆ ಸೇರದೆ ಉಳಿದವು ನಿಮ್ಮ ಕಣ್ಣಿಗೆ ಬೀಳುತ್ತವೆ. ಬೆಳಕು ಒಳಬಿಡುವ ಶಟರ್ ಜಾಸ್ತಿ ಹೊತ್ತು ತೆರೆದಿದ್ದರೆ, ಸೆನ್ಸರ್ ಬಿಸಿಯಾದರೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿದರೆ ಇವು ಹೆಚ್ಚು ಹೊಳೆಯುತ್ತವೆ. ಇವನ್ನೇ ಹಾಟ್ ಪಿಕ್ಸೆಲ್ ಎನ್ನುತ್ತಾರೆ. ರಾತ್ರಿ ಫೋಟೋದಲ್ಲಿ ಮಾತ್ರ ಕಾಣುವುದು ಇದಕ್ಕೇ.

ಪರೀಕ್ಷೆ ಸುಲಭ. ಲೆನ್ಸಿಗೆ ಮುಚ್ಚಳ ಹಾಕಿ. ಫೋಕಸ್ ಮ್ಯಾನ್ಯುಯಲ್‌ಗೆ ತನ್ನಿ, ಕತ್ತಲಲ್ಲಿ ಅದು ತಾನಾಗಿ ಸಿಕ್ಕುವುದಿಲ್ಲ. ರಾ ಫೈಲ್ (ಸೆನ್ಸರ್ ಹಿಡಿದ ಮೂಲ ಮಾಹಿತಿ) ಮತ್ತು ಜೆಪೆಗ್ (ಮಾಮೂಲಿ ಫೋಟೋ ಫೈಲ್) ಎರಡೂ ಉಳಿಯುವಂತೆ ಹೊಂದಿಸಿ. ಐಎಸ್‌ಒ 100ರಲ್ಲಿ ಶಟರ್ 1/100 ಸೆಕೆಂಡು, 1 ಸೆಕೆಂಡು, 30 ಸೆಕೆಂಡು ತೆರೆದಿರುವಂತೆ ಒಂದೊಂದು ಫೋಟೋ ತೆಗೆಯಿರಿ. ಆಮೇಲೆ ಅದನ್ನೇ ಇನ್ನೊಂದು ಸಲ ಮಾಡಿ. ಕಂಪ್ಯೂಟರಿನಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಚುಕ್ಕೆಗಳು ಎರಡೂ ಸಲ ಅದೇ ಜಾಗದಲ್ಲಿದ್ದರೆ ಹಾಟ್ ಪಿಕ್ಸೆಲ್. ಪ್ರತಿ ಸಲ ಜಾಗ ಬದಲಾಯಿಸುತ್ತಿದ್ದರೆ ಅದು ಎಲ್ಲ ಸೆನ್ಸರ್‌ಗಳಲ್ಲೂ ಇರುವ ನಾಯ್ಸ್, ಅಂದರೆ ಚಿತ್ರದ ಮೇಲಿನ ಮರಳಿನಂಥ ಕಾಳುಕಾಳು. ಕ್ಯಾಮೆರಾ ಪರದೆಯಲ್ಲಿ ಮಾತ್ರ ಕಂಡು ಫೈಲಿನಲ್ಲಿ ಇಲ್ಲದಿದ್ದರೆ ತೊಂದರೆ ಪರದೆಯದ್ದು.

30 ಸೆಕೆಂಡಿನ ಫೋಟೋದಲ್ಲಿ ಚುಕ್ಕೆಗಳಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಒಂದಿರುತ್ತದೆ. ಅದನ್ನು ಆನ್ ಮಾಡಿದರೆ ಫೋಟೋ ಆದ ಕೂಡಲೇ ಕ್ಯಾಮೆರಾ ಅಷ್ಟೇ ಹೊತ್ತು ಶಟರ್ ಮುಚ್ಚಿಕೊಂಡು ಇನ್ನೊಂದು ಕಪ್ಪು ಫೋಟೋ ತೆಗೆಯುತ್ತದೆ. ಅದರಲ್ಲಿ ಕಂಡ ಚುಕ್ಕೆಗಳನ್ನು ಮೊದಲನೆಯದರಿಂದ ಕಳೆಯುತ್ತದೆ. 30 ಸೆಕೆಂಡಿನ ಫೋಟೋಗೆ ಇನ್ನೂ 30 ಸೆಕೆಂಡು ಕಾಯಬೇಕಾಗುತ್ತದೆ, ಅಷ್ಟೆ. ಆದರೆ ಐಎಸ್‌ಒ 100, 1/100 ಸೆಕೆಂಡಿನ ಫೋಟೋದಲ್ಲೂ ಚುಕ್ಕೆ ಇದ್ದರೆ ಬಿಡಬೇಡಿ. ಒಲಿಂಪಸ್, ಪ್ಯಾನಾಸೋನಿಕ್ ಕ್ಯಾಮೆರಾಗಳಲ್ಲಿ ಸರಿಯಿಲ್ಲದ ಬಿಂದುಗಳ ಆ ಪಟ್ಟಿಯನ್ನು ಹೊಸದಾಗಿ ಮಾಡಿಸುವ ಸೌಲಭ್ಯ ಮೆನುವಿನಲ್ಲೇ ಇರುತ್ತದೆ. ಮೆನುವಿನಲ್ಲಿ ಇಲ್ಲದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಪಿಕ್ಸೆಲ್ ಮ್ಯಾಪಿಂಗ್ (ಅದೇ ಪಟ್ಟಿ ಹೊಸದು ಮಾಡುವ ಕೆಲಸ) ಮಾಡಿ ಅಂತ ಕೇಳಿ. ಅದಾದ ಮೇಲೂ ಹೋಗದಿದ್ದರೆ ಬದಲಿ ಕ್ಯಾಮೆರಾ ಕೇಳುವುದೇ ಸರಿ.

ಆಕಾಶದ ಕಲೆ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ.

ಧೂಳು ಕೂರುವುದು ಸೆನ್ಸರ್ ಮೇಲೇ ಅನ್ನಿಸಿದರೂ, ನಿಜವಾಗಿ ಅದರ ಮುಂದಿರುವ ತೆಳ್ಳನೆಯ ಗಾಜಿನ ಮೇಲೆ. ನಿಮ್ಮ ಫೋಟೋದಲ್ಲಿ ಬೀಳುವುದು ಅದರ ನೆರಳು. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ರಂಧ್ರ) ಅಗಲವಾಗಿದ್ದಾಗ ನೆರಳು ಚೆದುರಿ ಮಾಯವಾಗುತ್ತದೆ. ಚಿಕ್ಕದಾದಾಗ ಗಟ್ಟಿಯಾಗಿ ಕಾಣುತ್ತದೆ. ಹಾಗಾಗಿ ಅಪರ್ಚರನ್ನು ಎಫ್/16ಕ್ಕೆ (ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು) ಇಟ್ಟು, ಫೋಕಸ್ ಕೆಡಿಸಿ, ಬರೀ ಆಕಾಶ ಅಥವಾ ಬಿಳಿ ಗೋಡೆಯ ಫೋಟೋ ತೆಗೆಯಿರಿ. ಅದನ್ನೇ ಎಫ್/2.8ಕ್ಕೆ ಇನ್ನೊಂದು. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಗಾಜಿನ ಮೇಲೆ ಏನೋ ಕೂತಿದೆ. ಲೆನ್ಸ್ ಬದಲಾಯಿಸಿದರೂ ಅದೇ ಜಾಗದಲ್ಲಿ ಕಂಡರೆ ಖಾತ್ರಿ. ಲೆನ್ಸ್ ಒಳಗಿನ ಸಣ್ಣ ಧೂಳಿನ ಕಣ ಹೀಗೆ ಕಲೆಯಾಗಿ ಕಾಣುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಮೆನುವಿನ ಸೆನ್ಸರ್ ಕ್ಲೀನಿಂಗ್ ನಡೆಸಿ. ಆಮೇಲೆ ಲೆನ್ಸ್ ತೆಗೆದು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಿ. ಬಾಯಲ್ಲಿ ಊದಬೇಡಿ, ಎಂಜಲು ಹಾರಿ ಕೂರುತ್ತದೆ. ಒತ್ತಡದ ಗಾಳಿಯ ಡಬ್ಬಿಯೂ ಬೇಡ, ಅದರ ದ್ರವ ಗಾಜಿನ ಮೇಲೆ ಬೀಳಬಹುದು. ವಾಪಸಾತಿ ಅವಧಿ ಇನ್ನೂ ಇರುವಾಗ ದ್ರವ ಹಚ್ಚಿ ಒರೆಸುವ ಕೆಲಸಕ್ಕಂತೂ ಕೈಹಾಕಲೇಬೇಡಿ. ಒಂದು ಗೀರು ಬಿದ್ದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ.

ಕಲೆ ಹೋಯಿತು ಅಂತಿಟ್ಟುಕೊಳ್ಳಿ. ಪರೀಕ್ಷೆ ಇನ್ನೂ ಮುಗಿದಿಲ್ಲ. ಲೆನ್ಸ್ ತೆಗೆಯದೆ ಕೆಲವು ನೂರು ಫೋಟೋ ತೆಗೆದು ಮತ್ತೆ ಆಕಾಶದ ಪರೀಕ್ಷೆ ಮಾಡಿ. ಹೊರಗಿನ ಗಾಳಿ ಸೋಕದೆ ಇದ್ದರೂ ಹೊಸ ಕಲೆಗಳು ಒಂದರ ಮೇಲೊಂದು ಬಂದಿದ್ದರೆ ಮೂಲ ಒಳಗೇ ಇದೆ. 2012ರಲ್ಲಿ ಬಂದ ನಿಕಾನ್ ಡಿ600 ಕ್ಯಾಮೆರಾದಲ್ಲಿ ಇದೇ ಆಗಿದ್ದು. ಚಿತ್ರದ ಎಡ ಮೇಲ್ಭಾಗದಲ್ಲಿ ಕಲೆಗಳು ಮತ್ತೆ ಮತ್ತೆ ಬರುತ್ತಿದ್ದವು. ಕೊಂಡವರು ಬಿಳಿ ಹಿನ್ನೆಲೆಯ ಫೋಟೋಗಳನ್ನು ಸಾಲಾಗಿ ತೆಗೆದು, ಕಲೆ ಹೇಗೆ ಹೆಚ್ಚುತ್ತಿದೆ ಎಂದು ತೋರಿಸಿದರು. 2013ರಲ್ಲಿ ಅದರ ಜಾಗಕ್ಕೆ ಡಿ610 ಬಂತು. 2014ರಲ್ಲಿ ಕಂಪನಿ ವಾರಂಟಿ ಮುಗಿದವರಿಗೂ ಉಚಿತವಾಗಿ ಕ್ಲೀನ್ ಮಾಡಿ, ಶಟರ್ ಬದಲಾಯಿಸಿಕೊಡಲು ಒಪ್ಪಿತು. ಸಾಲಾಗಿ ತೆಗೆದ ಆ ಫೋಟೋಗಳಿಗೆ ಅಷ್ಟು ಬೆಲೆ ಬಂತು. ನಿಮ್ಮ ಕೈಯಲ್ಲೂ ಅಂಥ ಸಾಲು ಇರಲಿ.

ಬೆಲೆ ಜಾಸ್ತಿಯಾದರೆ ದೋಷ ಇರುವುದಿಲ್ಲ ಅಂತ ಅಂದುಕೊಳ್ಳುವವರಿದ್ದಾರೆ. 2009ರಲ್ಲಿ ಬಂದ ಲೈಕಾ ಎಂ9 ಬಹಳ ದುಬಾರಿ ಕ್ಯಾಮೆರಾ. ಅದರ ಸೆನ್ಸರ್ ಮುಂದಿನ ಗಾಜೇ ಕಾಲಕ್ರಮೇಣ ತುಕ್ಕು ತಿಂದಂತೆ ಹಾಳಾಗತೊಡಗಿತ್ತು. ಎಷ್ಟು ಒರೆಸಿದರೂ ಹೋಗದ ಕಲೆಗಳು. ಕೊನೆಗೆ ಸೆನ್ಸರನ್ನೇ ಬದಲಾಯಿಸಬೇಕಾಯಿತು. ಹಾಗೆಯೇ ಪ್ರತಿ ದೋಷಕ್ಕೂ ಕ್ಯಾಮೆರಾ ಬದಲಾಯಿಸಬೇಕೆಂದೂ ಇಲ್ಲ. ಕ್ಯಾನನ್ 5ಡಿ ಮಾರ್ಕ್ 2 ಹೊಸದರಲ್ಲಿ ದೀಪಗಳ ಪಕ್ಕದಲ್ಲಿ ಕಪ್ಪು ಚುಕ್ಕೆ ಮೂಡುತ್ತಿತ್ತು. 2009ರ ಆರಂಭದಲ್ಲಿ ಬಂದ ಒಂದು ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಅದನ್ನು ಸರಿಮಾಡಿತು. ಅಂಗಡಿಗೆ ಹೋಗುವ ಮೊದಲು ಫರ್ಮ್‌ವೇರ್ ಹೊಸದಿದೆಯಾ ನೋಡಿ, ಸೆಟ್ಟಿಂಗ್‌ಗಳನ್ನು ಒಮ್ಮೆ ರೀಸೆಟ್ ಮಾಡಿ. ಅವರು ಕೇಳುವ ಮೊದಲ ಪ್ರಶ್ನೆಯೂ ಅದೇ ಆಗಿರುತ್ತದೆ.

ಪರೀಕ್ಷೆಗೆ ಕೂತಾಗ ಇನ್ನೊಂದನ್ನೂ ನೋಡಿಬಿಡಿ: ಚಿತ್ರದ ಒಂದು ಬದಿ ಮಾತ್ರ ಮಸುಕಾಗಿದೆಯಾ? ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಟ್ಟು, ಅಪರ್ಚರ್ ಪೂರ್ತಿ ತೆರೆದು, ಟೈಮರ್ ಹಾಕಿ ದೂರದ ದೃಶ್ಯವೊಂದನ್ನು ತೆಗೆಯಿರಿ. ಆಮೇಲೆ ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು ಅದೇ ದೃಶ್ಯ ತೆಗೆಯಿರಿ. ಎರಡನೆಯದನ್ನು ತಿರುಗಿಸದೆ ಹಾಗೇ ನೋಡಿ. ಫ್ರೇಮಿನ ಅದೇ ಬದಿ ಮಸುಕಾಗಿದ್ದರೆ ದೋಷ ಲೆನ್ಸಿನಲ್ಲಿ ಅಥವಾ ಕ್ಯಾಮೆರಾದಲ್ಲಿದೆ. ಬದಿ ಬದಲಾಗಿದ್ದರೆ ದೃಶ್ಯದ ದೂರವೇ ಹೆಚ್ಚುಕಮ್ಮಿ ಇತ್ತು. ಬೇರೆ ಲೆನ್ಸ್ ಹಾಕಿದಾಗ ಸರಿಯಾದರೆ ವಾಪಸ್ ಕೊಡಬೇಕಾದದ್ದು ಲೆನ್ಸನ್ನು.

ಕೆಲವು ಸಂಗತಿಗಳು ದೋಷದಂತೆ ಕಂಡರೂ ದೋಷವಲ್ಲ. ಆಫ್ ಮಾಡಿದ ಕ್ಯಾಮೆರಾ ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಎನ್ನುತ್ತದೆ, ಅಲ್ವಾ? ನಡುಕ ತಡೆಯಲು ಸೆನ್ಸರನ್ನು ತೇಲುವಂತೆ ಕೂರಿಸಿದ ಕ್ಯಾಮೆರಾಗಳಲ್ಲಿ ಅದು ಸಾಮಾನ್ಯವಾಗಿ ಆ ಸೆನ್ಸರಿನ ಸದ್ದು. ಎಲೆಕ್ಟ್ರಾನಿಕ್ ಶಟರಿನಲ್ಲಿ ಎಲ್‌ಇಡಿ ದೀಪದ ಕೆಳಗೆ ಪಟ್ಟೆಪಟ್ಟೆ ಬಂದರೆ ಮೆಕ್ಯಾನಿಕಲ್ ಶಟರಿಗೆ ಬದಲಾಯಿಸಿ ನೋಡಿ. ಎಫ್/22ರಲ್ಲಿ ಇಡೀ ಚಿತ್ರ ಸ್ವಲ್ಪ ಮೆತ್ತಗಾಗುವುದು ಬೆಳಕಿನ ಗುಣ, ಯಾವ ಕ್ಯಾಮೆರಾ ತಂದರೂ ಹಾಗೇ.

ಇನ್ನು ದೂರು ಬರೆಯುವುದು. ಕೋಪ ಬರುವುದು ಸಹಜ, ಅದನ್ನು ಬರಹದಲ್ಲಿ ತರಬೇಡಿ. ಇಂಥ ಸೆಟ್ಟಿಂಗಿನಲ್ಲಿ, ಇಂಥ ಲೆನ್ಸಿನಲ್ಲಿ, ಹೀಗೆ ಮಾಡಿದರೆ ಪ್ರತಿ ಸಲವೂ ಇದು ಕಾಣುತ್ತದೆ ಅಂತ ಬರೆಯಿರಿ. ಓದಿದವರು ತಾವೂ ಮಾಡಿ ನೋಡುವಂತಿರಬೇಕು. ಎಡಿಟ್ ಮಾಡದ ಮೂಲ ಫೈಲ್‌ಗಳನ್ನೇ ಕೊಡಿ, ತಾರೀಖು ಮತ್ತು ಸೆಟ್ಟಿಂಗ್ ಅದರೊಳಗೇ ಇರುತ್ತವೆ. ಫೋನಿನಲ್ಲಿ ಪರದೆಯ ಫೋಟೋ ತೆಗೆದು ಕಳಿಸಿದರೆ ಯಾರೂ ಗಂಭೀರವಾಗಿ ನೋಡುವುದಿಲ್ಲ. ಕೊನೆಯಲ್ಲಿ ನಿಮಗೆ ಬೇಕಾದ್ದನ್ನು ನೇರವಾಗಿ ಕೇಳಿ: ಬದಲಿ ಕ್ಯಾಮೆರಾ, ಹಣ, ರಿಪೇರಿ, ಇವುಗಳಲ್ಲಿ ಯಾವುದು. ಅವಧಿ ಇನ್ನೂ ಇದ್ದರೆ ರಿಪೇರಿಗೆ ಒಪ್ಪಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸದಕ್ಕೆ ಹಣ ಕೊಟ್ಟವರು ಹೊಸದನ್ನೇ ಕೇಳಬೇಕು, ಅದರಲ್ಲಿ ಸಂಕೋಚವೇನೂ ಬೇಡ.

"ಕಂಪನಿ ಮಿತಿಯೊಳಗೇ ಇದೆ" ಎಂಬ ಉತ್ತರ ಬರಬಹುದು. ಏನು ಪರೀಕ್ಷೆ ಮಾಡಿದಿರಿ ಎಂದು ಲಿಖಿತವಾಗಿ ಕೇಳಿ. ಅಂಗಡಿಯಲ್ಲಿರುವ ಅದೇ ಮಾದರಿಯ ಇನ್ನೊಂದು ಕ್ಯಾಮೆರಾದಲ್ಲಿ, ನಿಮ್ಮದೇ ಲೆನ್ಸ್ ಹಾಕಿ, ಅದೇ ಪರೀಕ್ಷೆ ಮಾಡಿಸಿ. ಎರಡು ಫೋಟೋ ಪಕ್ಕಪಕ್ಕ ಇಟ್ಟಾಗ ವಾದಕ್ಕೆ ಜಾಗ ಕಡಿಮೆ. ಆಗಲೂ ಒಪ್ಪದಿದ್ದರೆ ನೀವಿರುವ ಕಡೆಯ ಗ್ರಾಹಕ ಕಾನೂನು ಏನು ಹೇಳುತ್ತದೆ ನೋಡಿ. ಅಂಗಡಿಯ ಗೋಡೆಗೆ ಅಂಟಿಸಿದ ನಿಯಮ ಕಾನೂನನ್ನು ಮೀರಲಾರದು.

ರಿಪೇರಿಗೇ ಕೊಡಬೇಕಾಗಿ ಬಂದರೆ ಕಾರ್ಡ್, ಬೆಲ್ಟು ತೆಗೆದಿಟ್ಟುಕೊಳ್ಳಿ. ಹೊರಮೈಯ ಎಲ್ಲ ಬದಿಗಳ ಫೋಟೋ ತೆಗೆಯಿರಿ. ಚೀಟಿಯಲ್ಲಿ "ಕ್ಯಾಮೆರಾ ಚೆಕ್" ಅಂತಷ್ಟೇ ಬರೆದರೆ ಸಹಿ ಹಾಕಬೇಡಿ, ದೋಷವನ್ನು ನಿಮ್ಮ ಮಾತಿನಲ್ಲೇ ಬರೆಸಿ. ವಾಪಸ್ ಪಡೆಯುವಾಗ ಏನು ಬದಲಾಯಿಸಿದರು ಎಂಬ ವರದಿ ಕೇಳಿ ಪಡೆಯಿರಿ. ಅಲ್ಲೇ ನಿಂತು ಮುಚ್ಚಳ ಹಾಕಿ ಒಂದು ಫೋಟೋ, ಬಿಳಿ ಗೋಡೆಯದ್ದು ಎಫ್/16ರಲ್ಲಿ ಇನ್ನೊಂದು ತೆಗೆದು, ಹಳೆಯ ಫೈಲ್‌ಗಳ ಜೊತೆ ಹೋಲಿಸಿ ನೋಡಿದ ಮೇಲೆಯೇ ಸಹಿ ಹಾಕಿ.