ಆರು ಪೆನ್ಸಿನ ಅರಳೆ, ಮೂವತ್ತು ಲಕ್ಷದ ಸಾಲ

1863ರ ಮಾರ್ಚ್ 19ರಂದು ಲಂಡನ್, ಲಿವರ್‌ಪೂಲ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಫ್ರಾಂಕ್‌ಫರ್ಟ್ ಪೇಟೆಗಳಲ್ಲಿ ಒಟ್ಟಿಗೇ ಒಂದು ಸಾಲಪತ್ರ ಮಾರಾಟಕ್ಕೆ ಬಂತು. ಸಾಲ ಕೇಳಿದ್ದು ಯುರೋಪಿನ ಯಾವ ದೊಡ್ಡ ದೇಶವೂ ಮಾನ್ಯ ಮಾಡದ ಸರ್ಕಾರ: ಅಮೆರಿಕದಿಂದ ಸಿಡಿದು ಉತ್ತರದೊಡನೆ ಯುದ್ಧಕ್ಕಿಳಿದಿದ್ದ ದಕ್ಷಿಣದ ಗುಲಾಮಗಿರಿ ರಾಜ್ಯಗಳ ಒಕ್ಕೂಟ. ಎತ್ತಿಕೊಟ್ಟಿದ್ದು ಪ್ಯಾರಿಸ್ಸಿನ ಎರ್ಲಾಂಜೆ ಬ್ಯಾಂಕು. ಮೊತ್ತ 30 ಲಕ್ಷ ಪೌಂಡ್, ಬಡ್ಡಿ ಶೇ. 7, ಅವಧಿ 20 ವರ್ಷ.

ಇಷ್ಟೇ ಆಗಿದ್ದರೆ ಇದನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಆಸೆ ಹುಟ್ಟಿಸಿದ್ದು ಒಂದು ಷರತ್ತು. ಬೇಕೆಂದವರು ಹಣದ ಬದಲು ರಾತಲಿಗೆ 6 ಪೆನ್ಸಿನಂತೆ ಅರಳೆ ತೆಗೆದುಕೊಳ್ಳಬಹುದಿತ್ತು (ರಾತಲು ಎಂದರೆ ತೂಕದ ಪೌಂಡ್, ಹಣದ ಪೌಂಡಿನೊಡನೆ ಕಲಸಿಹೋಗದಿರಲಿ ಎಂದು ಹಳೆಯ ಹೆಸರನ್ನೇ ಬಳಸಿದ್ದೇನೆ). ಒಂದು ಪೌಂಡಿಗೆ ಆಗ 240 ಪೆನ್ಸ್. ಹಾಗಾಗಿ 100 ಪೌಂಡಿನ ಪತ್ರಕ್ಕೆ 4,000 ರಾತಲು ಅರಳೆ. ಯುದ್ಧದಿಂದ ಅಮೆರಿಕದ ಅರಳೆ ಬರುವುದು ಕಡಿಮೆಯಾಗಿ, ಲಿವರ್‌ಪೂಲಿನಲ್ಲಿ ರಾತಲಿನ ಬೆಲೆ ಆಗ 20 ಪೆನ್ಸ್ ದಾಟಿತ್ತು. 21 ಪೆನ್ಸ್ ಅಂತ ಹಿಡಿದರೂ ಅಷ್ಟು ಅರಳೆಗೆ 350 ಪೌಂಡ್. ಪತ್ರ ಸಿಗುತ್ತಿದ್ದದ್ದು 90ಕ್ಕೆ!

ಆದರೆ ಯುದ್ಧ ನಡೆಯುವವರೆಗೆ ಆ ಅರಳೆ ಸಿಗುವುದು ಅಮೆರಿಕದ ಒಳನಾಡಿನಲ್ಲಿ, ರೈಲುಹಳಿ ಇಲ್ಲವೇ ದೋಣಿ ಓಡುವ ನದಿಯಿಂದ 10 ಮೈಲಿಯೊಳಗೆ, ಅದೂ 60 ದಿನ ಮುಂಚೆ ತಿಳಿಸಿದರೆ. ಉತ್ತರದ ಯುದ್ಧನೌಕೆಗಳ ಕಣ್ತಪ್ಪಿಸಿ ಅದನ್ನು ಸಮುದ್ರ ದಾಟಿಸುವುದು ಪತ್ರ ಕೊಂಡವನ ಹಣೆಬರಹ. ಅಂದರೆ ಇದು ಹೆಸರಿಗೆ ಸಾಲಪತ್ರ, ನಿಜದಲ್ಲಿ ದಕ್ಷಿಣ ಗೆಲ್ಲುತ್ತದೆ ಎಂಬ ಬಾಜಿ.

ಬ್ಯಾಂಕಿನ ಲೆಕ್ಕ ಬೇರೆ. ಅದು ಒಕ್ಕೂಟಕ್ಕೆ ಕೊಡಲು ಒಪ್ಪಿದ್ದು 100ಕ್ಕೆ 77. ಜನರಿಗೆ ಮಾರಿದ್ದು 90ಕ್ಕೆ. ಆ 13ರ ಅಂತರವೇ 3.9 ಲಕ್ಷ ಪೌಂಡ್, ಮೇಲೆ ಶೇ. 5 ದಲ್ಲಾಳಿ. ಯಾರು ಗೆದ್ದರೂ ಸೋತರೂ ಈ ದುಡ್ಡು ಮೊದಲೇ ಕೈಸೇರುವಂಥದ್ದು.

ಮೊದಲ ದಿನಗಳಲ್ಲಿ ಅರ್ಜಿಗಳು ಮೊತ್ತವನ್ನು ಮೀರಿ ಬಂದವು. ಏರ್ಪಾಡು ಕೆಟ್ಟಿದ್ದು ಕಂತಿನಲ್ಲಿ. ಕೊಂಡವರು ಆರಂಭದಲ್ಲಿ ಕಟ್ಟಿದ್ದು ಶೇ. 15 ಮಾತ್ರ, ಪತ್ರದ ಬೆಲೆ ಅದಕ್ಕಿಂತ ಹೆಚ್ಚು ಕುಸಿದರೆ ಮುಂದಿನ ಕಂತು ಕಟ್ಟುವುದಕ್ಕಿಂತ ಮುಂಗಡ ಬಿಟ್ಟು ಓಡುವುದೇ ಲಾಭ. ಏಪ್ರಿಲ್‌ನಲ್ಲಿ ಬೆಲೆ ಇಳಿಯತೊಡಗಿತು. ದರ ಎತ್ತಿಹಿಡಿಯದಿದ್ದರೆ ಸಾಲವೇ ಮುಳುಗುತ್ತದೆ ಎಂದು ಬ್ಯಾಂಕು ಹೆದರಿಸಿತು, ಲಂಡನ್ನಿನಲ್ಲಿದ್ದ ಒಕ್ಕೂಟದ ಪ್ರತಿನಿಧಿ ಜೇಮ್ಸ್ ಮೇಸನ್ ಒಪ್ಪಿದ. ಸಾಲದಿಂದ ಬಂದ ದುಡ್ಡಿನಲ್ಲೇ ಸುಮಾರು 14 ಲಕ್ಷ ಪೌಂಡ್ ಮುಖಬೆಲೆಯ ತನ್ನದೇ ಪತ್ರಗಳನ್ನು ಒಕ್ಕೂಟ ಗುಟ್ಟಾಗಿ ಮರಳಿ ಕೊಂಡಿತು. ಕೋವಿ, ಹಡಗು ಕೊಳ್ಳಬೇಕಿದ್ದ ಹಣ ದರ ಎತ್ತಿಹಿಡಿಯಲು ಹೋಯಿತು. ಜುಲೈನಲ್ಲಿ ದಕ್ಷಿಣಕ್ಕೆ ಗೆಟ್ಟಿಸ್‌ಬರ್ಗ್ ಕಾಳಗದಲ್ಲಿ ಸೋಲು, ಅದರ ವಿಕ್ಸ್‌ಬರ್ಗ್ ನಗರದ ಶರಣಾಗತಿ. ದರ ಮತ್ತೆ ಪಾತಾಳ ಕಂಡಿತು.

ಬ್ರಿಟನ್ ಸರ್ಕಾರ 1861ರ ಮೇ ತಿಂಗಳಲ್ಲೇ ತಟಸ್ಥ ಎಂದು ಸಾರಿತ್ತು. ಕಾನೂನಿನ ಸಂದಿಯೊಂದು ಮಾತ್ರ ತೆರೆದೇ ಇತ್ತು: ಹಡಗನ್ನು ಬ್ರಿಟನ್ನಿನಲ್ಲಿ ಕಟ್ಟಿ, ತೋಪುಗಳನ್ನು ಬೇರೆಡೆ ಏರಿಸಿದರಾಯಿತು. ಒಕ್ಕೂಟಕ್ಕಾಗಿ ಬ್ರಿಟನ್ನಿನ ಬರ್ಕನ್‌ಹೆಡ್‌ನಲ್ಲಿ ಕಟ್ಟಿದ 'ಅಲಬಾಮಾ' ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಬಳಿ ಶಸ್ತ್ರ ತೊಟ್ಟು ಉತ್ತರದ ಅರವತ್ತಕ್ಕೂ ಹೆಚ್ಚು ಹಡಗುಗಳನ್ನು ಹಿಡಿಯಿತು. 1864ರ ಜನವರಿಯಲ್ಲಿ ಮಲಬಾರ್ ಕರಾವಳಿಯಾಚೆ ಒಂದನ್ನು ಸುಟ್ಟಿತು. ಇಂಥ ಹಡಗುಗಳು ಮಾಡಿದ ಹಾನಿಗೆ ಬ್ರಿಟನ್ ಅಮೆರಿಕಕ್ಕೆ 1.55 ಕೋಟಿ ಡಾಲರ್ ತೆರಬೇಕೆಂದು 1872ರಲ್ಲಿ ಜಿನೀವಾದಲ್ಲಿ ಕೂತ ಅಂತರರಾಷ್ಟ್ರೀಯ ಪಂಚಾಯಿತಿ ತೀರ್ಪಿತ್ತಿತು.

ಅರಳೆಯನ್ನು ತಡೆಹಿಡಿದರೆ ಯುರೋಪು ಮಣಿಯುತ್ತದೆ ಎಂಬ ದಕ್ಷಿಣದ ನಂಬಿಕೆಗೆ ಪೆಟ್ಟು ಕೊಟ್ಟವರಲ್ಲಿ ಧಾರವಾಡ ಸೀಮೆಯ ರೈತರೂ ಇದ್ದರು. ನ್ಯೂ ಆರ್ಲಿಯನ್ಸ್ ತಳಿಯ ಬೀಜ ಅಲ್ಲಿಗೆ 1840ರ ದಶಕದಲ್ಲೇ ಬಂದು 'ಧಾರವಾಡ-ಅಮೆರಿಕನ್' ಎನಿಸಿಕೊಂಡಿತ್ತು. ಆ ಅರಳೆ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಈ ಸಾಗಾಟಕ್ಕೆ ಕಾರವಾರ ಬಂದರು ಬೇಕೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಬೆಲೆ ಏರಿದಂತೆ ಕಲಬೆರಕೆಯೂ ಏರಿತು: ತೂಕಕ್ಕೆ ನೀರು, ಬೀಜ, ಕಸ. 1863ರಲ್ಲಿ ಮುಂಬಯಿ ಸರ್ಕಾರ ಅದಕ್ಕಾಗಿಯೇ ಕಾಯ್ದೆ ತಂದಿತು. 1865ರಲ್ಲಿ ದಕ್ಷಿಣ ಸೋತು ಯುದ್ಧ ಮುಗಿದು ಅರಳೆ ಬೆಲೆ ಬಿದ್ದಾಗ ಮುಂಬಯಿಯ ಷೇರುಪೇಟೆಯೂ ಮುಗ್ಗರಿಸಿತು.

ಎರ್ಲಾಂಜೆ ಪತ್ರಗಳ ಕತೆಯನ್ನು ಮುಗಿಸಿದ್ದು ಅಮೆರಿಕ ಸಂವಿಧಾನದ 14ನೆಯ ತಿದ್ದುಪಡಿ, 1868ರಲ್ಲಿ: ಬಂಡಾಯಕ್ಕೆ ನೆರವಾದ ಯಾವ ಸಾಲವನ್ನೂ ತೀರಿಸುವಂತಿಲ್ಲ. ಹಳೆಯ ಕಾಗದ ಕೂಡಿಡುವವರ ಬಳಿ ಈ ಪತ್ರಗಳು ಈಗಲೂ ಸಿಗುತ್ತವೆ. ಆರು ತಿಂಗಳಿಗೊಂದರಂತೆ ಕತ್ತರಿಸಿ ಬಡ್ಡಿ ಪಡೆಯಬೇಕಾದ ಚೀಟಿಗಳಲ್ಲಿ ಮೊದಲ ಕೆಲವು ಮಾತ್ರ ಹೋಗಿ, ಉಳಿದವು ಅಂಚಿಗೆ ಹಾಗೆಯೇ ಅಂಟಿಕೊಂಡಿರುತ್ತವೆ.